ಹಾಡು ಓಡಿಸಿ ನೋಡೋರು ‘ಪ್ರೇಮಲೋಕ’ದ ಬಗ್ಗೆ ಮಾತಾಡಬ್ಯಾಡ್ರಿ

(1/5)
ಫೋಟೋದಾಗ ಕಾಣೋದು ನಮ್ಮ ಕಾಕಾನ ಟ್ರಂಕಿನಾಗ ಸಿಕ್ಕ ವಿಸಿಡಿ. ‘ಪ್ರೇಮಲೋಕ’, 1987. ರವಿಚಂದ್ರನ್, ಜೂಹಿ ಚಾವ್ಲಾ. ಕವರಿನ ಬಣ್ಣ ಹೋಗಿ ಇಬ್ಬರ ಮುಖಾನೂ ನೀಲಿ ಆಗ್ಯಾವ. ಕಾಕಾನ ಹಳೇ ಪ್ಲೇಯರ್ ಇನ್ನೂ ನಡೀತೈತಿ ಅಂತ ಗೊತ್ತಾಗಿದ್ದೇ ತಡ, ಹೋದ ರವಿವಾರ ಕ್ಲಾಸಿನ ಆರು ಮಂದಿ ನಮ್ಮ ಮನಿಗೆ ಬಂದ್ರು. ಮುಗಳಖೋಡದಾಗ ಜಾತ್ರಿ ಇಲ್ಲದ ರವಿವಾರ ಇದಕ್ಕಿಂತ ದೊಡ್ಡ ಕಾರ್ಯಕ್ರಮ ಬ್ಯಾರೆ ಏನಿರತೈತಿ?

ರಿಮೋಟು ಒಬ್ಬವನ ಕೈಗೆ ಹೋತು. (ಹೆಸರು ಹೇಳಂಗಿಲ್ಲ, ಅವಗ ಗೊತ್ತೈತಿ.) ಮೊದಲನೇ ಹಾಡು ಶುರುವಾಗಿದ್ದೇ ಫಾರ್ವರ್ಡ್ ಒತ್ತಿದ. ಎರಡನೇದಕ್ಕೂ ಒತ್ತಿದ. “ಹಾಡು ಬಿಡ್ರಿ, ಕಥಿ ನೋಡೂಣು” ಅಂದ. ಉಳಿದವರು ಹೂಂ ಅಂದ್ರು. ಹಿಂಗ ಓಡಿಸಿ ಓಡಿಸಿ ಸಿನಿಮಾ ಮುಗಿಸಿದ ಮ್ಯಾಲೆ ಅವನದೇ ಮೊದಲ ಮಾತು: “ಕಥೀನೇ ಇಲ್ಲಲ್ಲ ಇದ್ರಾಗ!”

ಸಂಜೀಕ ನೋಡಿದ್ರ ಎಲ್ಲಾರ ಸ್ಟೋರಿನಾಗೂ ತೀರ್ಪು ಬಂದಿತ್ತು. ಓವರ್‌ರೇಟೆಡ್. ಕ್ರಿಂಜ್. “ನಮ್ಮ ಪಪ್ಪಾ ಇದಕ್ಕ ಯಾಕ ಇಷ್ಟು ಹಾರಾಡ್ತಾರೋ.”

ಅಲ್ರಿ, ಹೋಳಿಗಿ ಒಳಗಿನ ಹೂರಣ ತಗದು ಚೆಲ್ಲಿ, ಆಮ್ಯಾಲೆ “ಬರೇ ಕಣಕ ಐತಿ, ಸಪ್ಪಗ ಐತಿ” ಅಂದ್ರ ಮಾಡಿದಾಕಿ ತಪ್ಪೇನು?

(2/5)
ರಾತ್ರಿ ಎಲ್ಲಾರೂ ಮಲಗಿದ ಮ್ಯಾಲೆ ನಾ ಒಬ್ಬಾಕಿ ಕುಂತು ಇಡೀ ಸಿನಿಮಾ ಮತ್ತ ನೋಡಿದೆ. ಒಂದು ಹಾಡೂ ಬಿಡಲಿಲ್ಲ.

ಸಾಮಾನ್ಯವಾಗಿ ನಮ್ಮ ಸಿನಿಮಾಗಳಲ್ಲಿ ಹಾಡು ಬಂತಂದ್ರ ಕಥಿ ಹೊರಗ ಹೋಗಿ ಬೀಡಿ ಸೇದಿ ಬರತೈತಿ. ಐದು ನಿಮಿಷ ಏನೂ ಆಗಂಗಿಲ್ಲ. ಆ ರೂಢಿಯಿಂದ ನಮ್ಮ ಬೆರಳು ಫಾರ್ವರ್ಡ್ ಬಟನ್ ಮ್ಯಾಲೇ ಇರತೈತಿ, ಅದು ನನಗೂ ಅರ್ಥ ಆಗತೈತಿ. ಆದ್ರ ‘ಪ್ರೇಮಲೋಕ’ದಾಗ ಮಾತುಕತೀನೇ ಹಾಡಾಗೈತಿ. ಹುಡುಗ ಕೇಳೋದು ಹಾಡಿನಾಗ, ಹುಡುಗಿ ಉತ್ತರ ಕೊಡೋದು ಹಾಡಿನಾಗ. ಛೇಡಿಸೋದು, ಸಿಟ್ಟು, ಮೇಷ್ಟ್ರ ಬುದ್ಧಿಮಾತು ಎಲ್ಲಾ ಅದರಾಗ. ಸಾಹಿತ್ಯ, ಸಂಗೀತ ಎರಡೂ ಹಂಸಲೇಖ ಅವರದು. ಕಾಲೇಜು ಹುಡುಗರು ದಿನಾ ಆಡೋ ಮಾತನ್ನ ಹಂಗಂಗೇ ತಗೊಂಡು ತಾಳಕ್ಕ ಕೂಡಿಸ್ಯಾರ. ಹಾಡು ತಗದ್ರ ಉಳಿಯೋದು ಒಂದು ಹಾಡಿನಿಂದ ಇನ್ನೊಂದಕ್ಕ ಹೋಗೋ ದಾರಿ ಅಷ್ಟ. ನೀವು ನೋಡಿದ್ದು ಆ ದಾರಿ. ಅದರಾಗ ಕಥಿ ಇಲ್ಲ ಅನ್ನೋದು ಖರೇನ ಐತಿ.

ನನ್ನ ಮಾತು ನಂಬಬ್ಯಾಡ್ರಿ, ನಮ್ಮ ಕಾಕೂನ ಕೇಳ್ರಿ. ಅಕಿ ತವರುಮನಿಯಾಗ ಟೀವಿ ಇರಲಿಲ್ಲ, ಟೇಪ್ ರೆಕಾರ್ಡರ್ ಇತ್ತು. ಲಹರಿ ಕಂಪನಿಯ ಕ್ಯಾಸೆಟ್ಟು ತಂದು ಎ ಸೈಡು, ಬಿ ಸೈಡು ಸವಿಯೂತನಕ ಕೇಳ್ಯಾಳ. “ಸಿನಿಮಾ ನೋಡಿದ್ದು ಲಗ್ನಾದ ಮ್ಯಾಲೆ. ಕಥಿ ಅದಕ್ಕಿಂತ ಮೊದಲs ಗೊತ್ತಿತ್ತು” ಅಂತಾಳ. ಚಿತ್ರ ಇಲ್ಲದ ಬರೇ ಹಾಡು ಕೇಳಿ ಕಥಿ ತಿಳಕೊಂಡಾಕಿ ಅಕಿ. ಹಾಡು ಬಿಟ್ಟು ಬರೇ ಚಿತ್ರ ನೋಡಿ ಕಥಿ ಸಿಗದವರು ನೀವು.

(3/5)
ಎರಡನೇ ತಕರಾರು: “ಪಿಕ್ಚರೇ ಸರಿ ಇಲ್ಲ. ಮಸುಕು. ಬಣ್ಣ ಸತ್ತೈತಿ.” ಒಬ್ಬಾಕಿ ಅಂತೂ “ಜೂಹಿ ಚಾವ್ಲಾ ಇಷ್ಟು ದಪ್ಪ ಇದ್ಳಾ?” ಅಂದ್ಳು.

ಇದನ್ನ ಸ್ವಲ್ಪ ಲೆಕ್ಕ ಹಾಕೂಣು, ಹೆಂಗೂ ಬಿಕಾಂ ಮಂದಿ ನಾವು. ವಿಸಿಡಿ ಒಳಗಿನ ಚಿತ್ರದ ಅಳತಿ 352×288. ಅಂದ್ರ ಸುಮಾರು 1 ಲಕ್ಷ ಚುಕ್ಕಿ. ನಿಮ್ಮ ಫೋನಿನಾಗ ನೋಡೋ ಫುಲ್ ಎಚ್‌ಡಿ 1920×1080, ಅದು 20 ಲಕ್ಷದ ಮ್ಯಾಲೆ. ಇಪ್ಪತ್ತನೇ ಒಂದು ಪಾಲು ಚಿತ್ರ ಇಟ್ಕೊಂಡು, ಅದೂ ಗೀರು ಬಿದ್ದ ಸಿಡಿಯಿಂದ, ಇಡೀ ಸಿನಿಮಾಕ್ಕ ಮಾರ್ಕ್ಸ್ ಹಾಕಾಕತ್ತೀರಿ. ಮತ್ತ ದಪ್ಪದ ವಿಷಯ: ವಿಸಿಡಿ ಮಾಡಿದ್ದು ಹಳೇ ಡಬ್ಬಿ ಟೀವಿಗಾಗಿ, 4:3 ಚೌಕಟ್ಟಿಗೆ. ನಮ್ಮ ಮನಿ ಟೀವಿ 16:9. ಅದು ಚಿತ್ರಾನ ಅಡ್ಡ ಎಳದು ತುಂಬಿಸ್ತು. ಆ ಟೀವಿಯಾಗ ನೀವು ನಿಂತ್ರೂ ದಪ್ಪ ಕಾಣ್ತೀರಿ.

ಹಳೇ ಮಷೀನು ಮಾರಾಕ ಹೋದಾಗ ಗುಜರಿಯವ ಹೇಳೋ ರೇಟಿಗೂ ಆ ಮಷೀನು ಹೊಸದಿದ್ದಾಗಿನ ಕೆಲಸಕ್ಕೂ ಏನು ಸಂಬಂಧ? ಪ್ರತಿ ಹಾಳಾಗೈತಿ ಅಂದ್ರ ಪ್ರತಿ ಹಾಳಾಗೈತಿ ಅನ್ರಿ.

ಸರಿ ಮಾಡಾಕ ಬರಂಗಿಲ್ಲ ಅಂತೇನೂ ಇಲ್ಲ. 1971ರ ‘ಕಸ್ತೂರಿ ನಿವಾಸ’ಕ್ಕ ಬಣ್ಣ ತುಂಬಿ 2014ರಲ್ಲಿ ಥಿಯೇಟರಿಗೆ ತಂದ್ರು. ಪುಟ್ಟಣ್ಣ ಕಣಗಾಲರ ‘ನಾಗರಹಾವು’ 1972ರದು, 2018ರಲ್ಲಿ ಹೊಸ ದನಿ ಹೊಸ ಬಣ್ಣದಾಗ ಮತ್ತ ಬಿಡುಗಡೆ ಆತು. ಅದು ರವಿಚಂದ್ರನ್ ಅವರ ಅಪ್ಪ ವೀರಾಸ್ವಾಮಿಯವರ ಈಶ್ವರಿ ಸಂಸ್ಥೆಯ ಸಿನಿಮಾ, ‘ಪ್ರೇಮಲೋಕ’ವೂ ಅದೇ ಮನೆಯದು. ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) 4ಕೆ ಆಗಿ 2024ರಲ್ಲಿ ವೆನಿಸ್‌ತನಕ ಹೋಗಿ ಬಂತು. “ಇದನ್ನೂ ಹಂಗ ಮಾಡ್ರಿ, ನಾವು ರೊಕ್ಕ ಕೊಟ್ಟು ಥಿಯೇಟರಿನಾಗ ನೋಡ್ತೀವಿ” ಅನ್ನೋ ಸ್ಟೋರಿ ಒಬ್ಬರೂ ಹಾಕಲಿಲ್ಲ.

“ಇಂಗ್ಲಿಷ್ ಸಿನಿಮಾದ ಕಾಪಿ” ಅನ್ನೋರಿಗೆ ಎರಡೇ ಮಾತು. ಹೌದು, 1982ರ ‘ಗ್ರೀಸ್ 2’ರ ನೆರಳು ಐತಿ. ಬೈಕು, ಕಾಲೇಜು ಅಲ್ಲಿಂದ ಬಂದಾವ. ಆದ್ರ ‘ಗ್ರೀಸ್ 2’ ಮೊದಲನೇ ‘ಗ್ರೀಸ್’ನ ಹೆಸರಿದ್ರೂ ಅಷ್ಟು ಓಡಲಿಲ್ಲ. ಇದು ಕನ್ನಡದಾಗ ಓಡ್ತು. ಯಾಕ ಅಂತ ಕೇಳಿದ್ರ ಮತ್ತ ನೀವು ಓಡಿಸಿದ ಹಾಡಿಗೇ ಬರಬೇಕು.

(4/5)
ಇಲ್ಲೀತನಕ ಓದಿ ನಮ್ಮ ಕಾಕಾ ಖುಷಿ ಆಗಿರ್ತಾನ. ಆಗಬ್ಯಾಡೋ ಕಾಕಾ, ನಿಂದೂ ಐತಿ.

ಹಿರಿಯರ ತೀರ್ಪು ಇದಕ್ಕಿಂತ ಸಸ್ತಾ. “ಆಗಿನ ಸಿನಿಮಾ ಅಂದ್ರ ಸಿನಿಮಾ, ಈಗಿನವು ಕಸ.” ಹೇಳಿದವ ಅವತ್ತು ಏನ್ ಮಾಡಿದ? ಮಂಚದ ಮ್ಯಾಲೆ ಮಲಗಿದ್ದ. ಹುಡುಗರು ಹಾಡು ಓಡಿಸಿದಾಗ ಮಾತ್ರ ಎದ್ದು ಬೈದ. ಹಾಡು ಮುಂದ ಹೋತಂದ್ರ ಮತ್ತ ಗೊರಕಿ. ಇವರು ಬರೇ ಕಣಕ ತಿಂದ್ರ ಅವ ಬರೇ ಹೂರಣ. ಇಡೀ ಹೋಳಿಗಿ ತಿಂದವರು ಆ ದಿನ ನಮ್ಮ ಮನಿಯಾಗ ಒಬ್ಬರೂ ಇರಲಿಲ್ಲ.

ಇಡೀ ನೋಡಿದ್ದಕ್ಕೇ ನನಗ ಒಂದು ಜಗಳ ಸಿಕ್ಕೈತಿ, ಅದನ್ನ ಮುಚ್ಚಿಡಂಗಿಲ್ಲ. ವಿಷ್ಣುವರ್ಧನ್ ಮೇಷ್ಟ್ರಾಗಿ ಬರೋ ಹಾಡು ಐತಲ್ಲ, ಅದರಾಗಿನ ಬುದ್ಧಿಮಾತು ಹುಡುಗಿಗೆ. ರಾಗ ಎಷ್ಟು ಚೆಂದ ಐತಿ ಅಂದ್ರ ನಾನೂ ಗುನುಗಾಕತ್ತಿದ್ದೆ, ಎರಡನೇ ಸಲ ಕೇಳಿದಾಗ ನಿಂತೆ. ನಾವು ಹುಡುಗ್ಯಾರು ದಿನಾ ಮುಂಜಾನೆ ಕಾಲೇಜಿನ ಬಸ್ಸಿಗೆ ನಿಂತಾಗ ಮೂರು ಸುತ್ತು ಹೊಡೆಯೋ ಬೈಕು ಇರ್ತಾವ. ಬಸ್ಸು ಹೊಂಟ್ರ ಹಿಂದ ಬರ್ತಾವ. ಮನಿಯಾಗ ಹೇಳಿದ್ರ ಬುದ್ಧಿಮಾತು ಬರೋದು ನಮಗ: ಆ ಡ್ರೆಸ್ ಬ್ಯಾಡ, ಆ ಬಸ್ಸಿಗೆ ಹೋಗಬ್ಯಾಡ, ಕಾಲೇಜೇ ಬ್ಯಾಡ. ಆ ಬೈಕಿನವಗ ಅಷ್ಟs ಇಂಪಾಗಿ ಬುದ್ಧಿ ಹೇಳೋ ಹಾಡು ನಾ ಹುಡುಕೀನಿ, ಸಿಕ್ಕಿಲ್ಲ. ರವಿಚಂದ್ರನ್ ಬೈಕು ನೋಡಿ ಕಾಕಾ ಸೀಟಿ ಹೊಡೀತಾನ. ನನಗ ಅದರ ಸಪ್ಪಳ ಕೇಳಿದ್ರ ಬಸ್ ಸ್ಟ್ಯಾಂಡ್ ನೆನಪಾಗತೈತಿ. ಎರಡೂ ಖರೆ.

ಈಗ ಹೇಳ್ರಿ. ಕ್ರಿಂಜ್ ಅಂದವರಿಗೆ ಈ ತಕರಾರು ಯಾಕ ಹೊಳೀಲಿಲ್ಲ? ಅದು ಇರೋದೂ ಹಾಡಿನಾಗ. ಸಿನಿಮಾದ ಚೆಂದಾನೂ ಅಲ್ಲೇ, ಮುಳ್ಳೂ ಅಲ್ಲೇ. ಫಾರ್ವರ್ಡ್ ಒತ್ತಿದವರಿಗೆ ಹೊಗಳಾಕೂ ಏನೂ ಸಿಗಲಿಲ್ಲ, ಬಯ್ಯಾಕೂ ಸಿಗಲಿಲ್ಲ. ಅದಕ್ಕs ಒಂದು ಇಂಗ್ಲಿಷ್ ಪದ ಹಾಕಿ ಮುಗಿಸಿದ್ರಿ.

(5/5)
ಡಿಎಂನಾಗ ಒಬ್ಬ ಕೇಳ್ಯಾನ: “ಹಂಗಾದ್ರ ನಮಗ ಇಷ್ಟ ಆಗ್ಲೇಬೇಕೇನು?” ಬ್ಯಾಡೋ ಮಾರಾಯ. ಬಯ್ಯಿ. ಇಡೀ ನೋಡಿ, ಯಾವ ಹಾಡಿನ ಯಾವ ಜಾಗದಾಗ ಬ್ಯಾಸರ ಬಂತು ಹೇಳಿ ಬಯ್ಯಿ. ನಾನೂ ಸೇರ್ತೀನಿ, ನಡುವಿನ ಫೈಟು ನನಗೂ ಉದ್ದ ಅನಿಸ್ಯಾವ.

ಬರೋ ರವಿವಾರ ಮಧ್ಯಾಹ್ನ 2 ಗಂಟೆಕ್ಕ ನಮ್ಮ ಮನಿಯಾಗ ಮತ್ತ ಹಾಕ್ತೀವಿ. ಟೀವಿಯ ಸೆಟ್ಟಿಂಗ್ 4:3 ಮಾಡಿಟ್ಟೀನಿ, ಜೂಹಿ ತೆಳ್ಳಗ ಆಗ್ಯಾಳ. ಗಿರಮಿಟ್ಟು, ಚಹಾ ನಮ್ಮದು. ಕಾಕಾಗ ಮಂಚ ಇಲ್ಲ, ಕುರ್ಚಿ. ರಿಮೋಟು ಕಾಕೂನ ಕೈಯಾಗ ಇರತೈತಿ.

#ಪ್ರೇಮಲೋಕ #ಹಂಸಲೇಖ #ಮುಗಳಖೋಡ #ಹಾಡುಓಡಿಸಬ್ಯಾಡ್ರಿ