ಬಾರ್‌ಕೋಡ್ ಒಂದೇ ಸಾಕೇ ಕಣಜಕ್ಕೆ ಹೆಸರಿಡಲು?

ಕೋಸ್ಟರಿಕಾದ ಗ್ವಾನಾಕಾಸ್ಟೆ ಕಾಡಿನಲ್ಲಿ ಕಂಬಳಿಹುಳುಗಳನ್ನು ಸಾಕಿ, ಅವುಗಳ ಮೈಯಿಂದ ಹೊರಬಂದ ಪರಾವಲಂಬಿ ಕಣಜಗಳನ್ನು ದಶಕಗಳ ಕಾಲ ಕೂಡಿಡಲಾಗಿದೆ. ಆ ಸಂಗ್ರಹವನ್ನು ಆಧರಿಸಿ 2021ರಲ್ಲಿ ಮೈಕೆಲ್ ಶಾರ್ಕಿ ಮತ್ತು ಸಂಗಡಿಗರು ಒಂದೇ ಪ್ರಬಂಧದಲ್ಲಿ 403 ಹೊಸ ಪ್ರಭೇದಗಳಿಗೆ ಹೆಸರಿಟ್ಟರು. ಬಹುತೇಕ ಪ್ರಭೇದಗಳಿಗೆ ಕೊಟ್ಟ ಗುರುತು ಇಷ್ಟೇ: ಪಕ್ಕದಿಂದ ತೆಗೆದ ಒಂದು ಫೋಟೊ, ಗೊತ್ತಿದ್ದರೆ ಯಾವ ಹುಳುವಿನಿಂದ ಬಂತೆಂಬ ಮಾಹಿತಿ, ಮೈಟೊಕಾಂಡ್ರಿಯದ ಒಂದು ಜೀನಿನಿಂದ ಓದಿದ ಸುಮಾರು 650 ಅಕ್ಷರಗಳ ಡಿಎನ್‌ಎ ಬಾರ್‌ಕೋಡ್. ಕುಡಿಮೀಸೆಯಲ್ಲಿ ಎಷ್ಟು ಗೆಣ್ಣು, ರೆಕ್ಕೆಯ ನರಗಳ ವಿನ್ಯಾಸ ಎಂಥದ್ದು, ಬೆನ್ನ ಮೇಲಿನ ಕೆತ್ತನೆ ಹೇಗಿದೆ ಎಂಬ ಸಾಂಪ್ರದಾಯಿಕ ವಿವರಣೆಯ ಗೋಜಿಗೇ ಅವರು ಹೋಗಲಿಲ್ಲ.

ಅವರ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಇನ್ನೊಂದು ಕೀಟದ ಮೊಟ್ಟೆಯಲ್ಲೋ ಮರಿಯಲ್ಲೋ ತನ್ನ ಮೊಟ್ಟೆಯಿಟ್ಟು, ಅದನ್ನು ಒಳಗಿನಿಂದ ತಿಂದು ಮುಗಿಸುವ ಈ ಕಣಜಗಳ ವೈವಿಧ್ಯ ಎಷ್ಟಿದೆಯೆಂದರೆ, ಇರುವೆ, ಜೇನು, ಕಣಜಗಳ ಗಣವು ಪ್ರಭೇದಗಳ ಸಂಖ್ಯೆಯಲ್ಲಿ ಜೀರುಂಡೆಗಳನ್ನೂ ಮೀರಿಸಬಹುದೆಂದು 2018ರ ಒಂದು ಅಧ್ಯಯನ ಅಂದಾಜಿಸಿತ್ತು. ಒಂದೊಂದಕ್ಕೂ ಪುಟಗಟ್ಟಲೆ ವಿವರಣೆ ಬರೆಯುತ್ತಾ ಕೂತರೆ ಕಾಡೇ ಮೊದಲು ಮುಗಿದುಹೋದೀತು.

ಆದರೆ ವೇಗಕ್ಕೆ ತೆತ್ತ ಬೆಲೆಯೂ ಬೇಗ ಕಾಣಿಸಿಕೊಂಡಿತು. ರುಡಾಲ್ಫ್ ಮೈಯರ್ ಮತ್ತಿತರರು ಅದೇ ದತ್ತಾಂಶವನ್ನು ಬೇರೆ ಗಣನಕ್ರಮಗಳಿಂದ ಮರುಪರಿಶೀಲಿಸಿದಾಗ ಬಾರ್‌ಕೋಡ್ ಆಧರಿಸಿ ಮಾಡಿದ ಗುಂಪುಗಳ ಗಡಿಗಳು ಅಲುಗಾಡಿದವು. ಲೆಕ್ಕದ ವಿಧಾನ ಬದಲಾದರೆ ಪ್ರಭೇದವೇ ಬದಲಾಗುವುದಾದರೆ, ಹೆಸರಿಟ್ಟದ್ದು ಕಣಜಕ್ಕೋ ಲೆಕ್ಕಕ್ಕೋ? ಕಣಜಗಳಲ್ಲಿ ವೋಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾದ ಕಾಟ ಬೇರೆ. ತಾಯಿಯಿಂದ ಮರಿಗೆ ದಾಟುವ ಈ ಬ್ಯಾಕ್ಟೀರಿಯಾ ಹಬ್ಬುವಾಗ ಅದೇ ದಾರಿಯಲ್ಲಿ ಸಾಗುವ ಮೈಟೊಕಾಂಡ್ರಿಯವನ್ನೂ ಜೊತೆಗೊಯ್ಯುತ್ತದೆ. ಹೀಗಾಗಿ ಎರಡು ಪ್ರಭೇದಗಳು ಒಂದೇ ಬಾರ್‌ಕೋಡ್ ತೋರಿಸಬಹುದು, ಒಂದೇ ಪ್ರಭೇದ ಎರಡಾಗಿಯೂ ಕಾಣಬಹುದು.

ಇದನ್ನು ಹಳಬರು ಮತ್ತು ಹೊಸಬರ ಜಗಳವೆಂದು ನೋಡುವವರು ಬೆಂಗಳೂರಿನಲ್ಲೇ ನಡೆದ ಒಂದು ಕೆಲಸವನ್ನು ನೆನೆಯಬೇಕು. ಕಬ್ಬಿನ ಕೊರಕ ಹುಳುಗಳ ಮೊಟ್ಟೆಗಳನ್ನು ನಾಶಪಡಿಸಲು ರೈತರು ಗರಿಗೆ ಸಿಕ್ಕಿಸುವ ಟ್ರೈಕೊ ಕಾರ್ಡ್‌ನಲ್ಲಿರುವುದು ಟ್ರೈಕೊಗ್ರಾಮ, ಅರ್ಧ ಮಿಲಿಮೀಟರ್ ಉದ್ದದ ಕಣಜ. ಭಾರತದ ಹಳೆಯ ವರದಿಗಳು ಇದನ್ನು ಮಿನುಟಮ್ ಎಂದೋ ಇವಾನೆಸೆನ್ಸ್ ಎಂದೋ ಕರೆಯುತ್ತಿದ್ದವು. ಅಂದು ಗುರುತಿಗೆ ಬಳಸುತ್ತಿದ್ದದ್ದು ಮೈಬಣ್ಣದಂಥ ಲಕ್ಷಣಗಳನ್ನು. ಆ ಬಣ್ಣವೋ, ಬೆಳೆದ ಜಾಗದ ಉಷ್ಣಾಂಶಕ್ಕೆ ತಕ್ಕಂತೆ ಬದಲಾಗುವಂಥದ್ದು!

ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಬೆಂಗಳೂರು ಕೇಂದ್ರದಲ್ಲಿದ್ದ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ ಈ ಗೋಜಲನ್ನು ಎರಡು ಕಡೆಯಿಂದ ಬಿಡಿಸಿದರು. ಮೊದಲು ಬೇರೆ ಬೇರೆ ಟ್ರೈಕೊಗ್ರಾಮಗಳನ್ನು ಕೂಡಿಸಿ, ಸಂತತಿ ಮುಂದುವರಿಯುತ್ತದೆಯೇ ಎಂದು ನೋಡಿದರು. ಅದರ ವರದಿ ಬಂದದ್ದು 1968ರಲ್ಲಿ. ಆಮೇಲೆ ಆ ಧೂಳಿನ ಕಣದಂಥ ಗಂಡು ಕಣಜವನ್ನು ಗಾಜಿನ ಸ್ಲೈಡ್ ಮೇಲೆ ಕೂರಿಸಿ, ಅದರ ಜನನಾಂಗದ ರಚನೆಯೇ ನಂಬಬಹುದಾದ ಗುರುತು ಎಂದು 1971ರಲ್ಲಿ ಚಿತ್ರಸಹಿತ ತೋರಿಸಿದರು. ಟ್ರೈಕೊಗ್ರಾಮವನ್ನು ಗುರುತಿಸುವವರು ಇಂದಿಗೂ ಮೊದಲು ನೋಡುವುದು ಅದನ್ನೇ.

ಆದರೂ ಕಥೆ ಅಲ್ಲಿಗೆ ಮುಗಿಯಲಿಲ್ಲ. ನಮ್ಮ ಕಣಜವನ್ನು ಅವರು ಆಸ್ಟ್ರೇಲಿಕಮ್ ಎಂದು ಪರಿಗಣಿಸಿದ್ದರು. ಅದು ಆಸ್ಟ್ರೇಲಿಯಾದಲ್ಲಿ ಗಿರಾಲ್ಟ್ ಇಟ್ಟ ಹೆಸರು. ಸಾವಿರಾರು ಪ್ರಭೇದಗಳಿಗೆ ನಾಲ್ಕೇ ಸಾಲಿನ ವಿವರಣೆ ಬರೆದು ನಂತರದ ತಲೆಮಾರುಗಳನ್ನು ಗೋಳು ಹೊಯ್ದುಕೊಂಡ ಪುಣ್ಯಾತ್ಮ ಆತ. ಭಾರತದ ಕಣಜ ಅದಲ್ಲ, ಜಪಾನಿನ ಇಷಿಯಿ 1941ರಲ್ಲಿ ವಿವರಿಸಿದ್ದ ಕಿಲೊನಿಸ್ ಎಂದು 1979ರಲ್ಲಿ ಸ್ಪಷ್ಟಪಡಿಸಿದವರೂ ಇದೇ ಜೋಡಿಯೇ. ಹೀಗೆ ತಿದ್ದಲು ಸಾಧ್ಯವಾದದ್ದು ಮಾದರಿಗಳೂ ಚಿತ್ರಗಳೂ ಕೈಗೆ ಸಿಗುವಂತಿದ್ದುದರಿಂದ.

ಹಾಗಾಗಿ ನನ್ನ ತಕರಾರು ಬಾರ್‌ಕೋಡ್ ಮೇಲಲ್ಲ. ಬಲೆಗೆ ಬಿದ್ದ ಸಾವಿರಾರು ಕಣಜಗಳನ್ನು ವಿಂಗಡಿಸಲು ಅದಕ್ಕಿಂತ ಒಳ್ಳೆಯ ಸಾಧನ ಸದ್ಯಕ್ಕಿಲ್ಲ. ಹೆಸರಿಡುವ ಹೊತ್ತಿಗೆ ಮಾತ್ರ ಎರಡನೆಯ ಸಾಕ್ಷಿ ಬೇಕು: ದೇಹರಚನೆಯೋ, ಇನ್ನೊಂದು ಜೀನೋ, ಸಂಕರದ ಪ್ರಯೋಗವೋ. ಸಕ್ಕರೆ ಕಾರ್ಖಾನೆಯ ಟ್ರೈಕೊ ಕಾರ್ಡ್ ಘಟಕದಲ್ಲಿ ಕೂತವರ ಬಳಿ ಇರುವುದು ಸೂಕ್ಷ್ಮದರ್ಶಕವೇ ಹೊರತು ಡಿಎನ್‌ಎ ಓದುವ ಯಂತ್ರವಲ್ಲ. ಅವರಿಗೆ ದಕ್ಕದ ವಿವರಣೆ ಅರ್ಧ ವಿವರಣೆ.

ಎರಡನೆಯ ಸಾಕ್ಷಿ ಒದಗಿಸುವವರು ಎಲ್ಲಿಂದ ಬರಬೇಕು ಎಂಬುದು ಕಷ್ಟದ ಪ್ರಶ್ನೆ. ಹೊಸ ಪ್ರಭೇದಗಳ ಪ್ರಕಟಣೆಗೆ ಜಗತ್ತಿನಲ್ಲೇ ದೊಡ್ಡ ವೇದಿಕೆಯೆನಿಸಿದ ‘ಝೂಟ್ಯಾಕ್ಸಾ’ವನ್ನು, ತನ್ನದೇ ಲೇಖನಗಳನ್ನು ಅತಿಯಾಗಿ ಉಲ್ಲೇಖಿಸುತ್ತದೆಂಬ ಕಾರಣಕ್ಕೆ, 2020ರಲ್ಲಿ ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬ ಉಲ್ಲೇಖಾಂಕದ ಪಟ್ಟಿಯಿಂದ ತೆಗೆಯಲಾಯಿತು. ವಿಜ್ಞಾನಿಗಳು ಬೊಬ್ಬೆ ಹೊಡೆದ ಮೇಲೆ ಮತ್ತೆ ಸೇರಿಸಿದರು. ಹಳೆಯ ವಿವರಣೆಗಳನ್ನು ಉಲ್ಲೇಖಿಸದೆ ಹೊಸದನ್ನು ಬರೆಯಲಾಗದ ವಿದ್ಯೆಯನ್ನು ಆ ಅಂಕದಿಂದ ಅಳೆದು, ಬಡ್ತಿಯನ್ನೂ ಅದಕ್ಕೇ ಕಟ್ಟಿಹಾಕಿದರೆ ಯಾವ ತರುಣ ಈ ಕೆಲಸಕ್ಕೆ ಬಂದಾನು? ನಮ್ಮ ವಿಶ್ವವಿದ್ಯಾಲಯಗಳು ಇದಕ್ಕೆ ಪ್ರತ್ಯೇಕ ಮಾನದಂಡ ರೂಪಿಸಬೇಕು, ಸಂಗ್ರಹಾಲಯಗಳಲ್ಲಿ ಕಾಯಂ ಹುದ್ದೆ ತುಂಬಬೇಕು. ಯಂತ್ರ ಕೊಳ್ಳಲು ಸಿಗುವ ಅನುದಾನ ಅದನ್ನು ಬಳಸಬಲ್ಲ ಕಣ್ಣಿಗೂ ಸಿಗಲಿ.

ಉಪಯೋಗ ಕಂಡ ಮೇಲೆ ವಿವರಿಸಿದರಾಯಿತು ಎನ್ನುವವರೂ ಇದ್ದಾರೆ. ಆದರೆ ಉಪಯೋಗ ಯಾವಾಗ ಕಂಡೀತೆಂದು ಮೊದಲೇ ತಿಳಿಯುವುದಿಲ್ಲ. ಅರ್ಜೆಂಟೀನಾದ ವಿಜ್ಞಾನಿ ಡಿ ಸ್ಯಾಂಟಿಸ್, ಲೊಪೆಜಿ ಎಂಬ ಪುಟ್ಟ ಕಣಜವನ್ನು ವಿವರಿಸಿದ್ದು 1964ರಲ್ಲಿ. ಆಫ್ರಿಕಾದ ಮರಗೆಣಸನ್ನು ಹಾಳುಗೆಡವಿದ ಹಿಟ್ಟು ತಿಗಣೆಗೆ ವೈಜ್ಞಾನಿಕ ಹೆಸರು ಬಂದದ್ದೇ 1977ರಲ್ಲಿ. ಅದರ ಶತ್ರುವನ್ನು ಹುಡುಕಿ ಹೊರಟವರು ಮೊದಲು ದಕ್ಷಿಣ ಅಮೆರಿಕದ ಉತ್ತರ ಭಾಗದಲ್ಲಿ ಅದನ್ನೇ ಹೋಲುವ ಇನ್ನೊಂದು ತಿಗಣೆಯನ್ನು ಹಿಡಿದು ಏಮಾರಿದರು. ನಿಜವಾದ ತಿಗಣೆ ಪರಾಗ್ವೆಯಲ್ಲಿ ಸಿಕ್ಕಿದ್ದು 1981ರಲ್ಲಿ. ಅದರ ಬೆನ್ನಿಗಿದ್ದ ಲೊಪೆಜಿಯನ್ನು ಅದೇ ವರ್ಷ ನೈಜೀರಿಯಾದಲ್ಲಿ ಬಿಡಲಾಯಿತು. 2020ರಲ್ಲಿ ಆ ತಿಗಣೆ ಕೇರಳದ ತ್ರಿಶೂರಿನಲ್ಲಿ ಕಾಣಿಸಿಕೊಂಡಾಗ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಬ್ಯೂರೊ ಬೆನಿನ್‌ನಿಂದ ತರಿಸಿಕೊಂಡದ್ದೂ ಇದೇ ಕಣಜವನ್ನು. 2022ರ ಮಾರ್ಚ್‌ನಲ್ಲಿ ಅದನ್ನು ತಮಿಳುನಾಡಿನ ಸೇಲಂನ ಮರಗೆಣಸಿನ ರೈತರಿಗಾಗಿ ಬಿಡುಗಡೆ ಮಾಡಲಾಯಿತು.