ಆಟವಾಡಿಸುವ ಹೊತ್ತು ಯಾರ ಪಾಲಿಗೆ?

ಹಾಸ್ಟೆಲಿನ ಗೆಳೆಯರೇ,

‘ಕಾಲನಿ ಮಕ್ಕಳು ಹುಟ್ಟಿನಿಂದಲೇ ದಡ್ಡರು.’ ಒಂದನೇ ಕ್ಲಾಸಿನ ಬೆಂಚಿನಲ್ಲೇ ನಮ್ಮಲ್ಲಿ ಎಷ್ಟೋ ಮಂದಿ ಈ ಮಾತು ಕೇಳಿದ್ದೇವೆ. ಹುಟ್ಟಿನಿಂದ ಯಾವ ಮಗುವೂ ದಡ್ಡ ಅಲ್ಲ. ಹುಟ್ಟಿದ ಮೇಲೆ ಅದರ ಜೊತೆ ಕೂತು ಮಾತಾಡಲು, ಆಡಲು ದೊಡ್ಡವರಿಗೆ ಹೊತ್ತು ಸಿಕ್ಕಿತೇ? ನಾವು ಕೇಳಬೇಕಾದ ಪ್ರಶ್ನೆ ಇದು.

ಆಟ ಅಂದರೆ ಸೋಮಾರಿತನ ಅಲ್ಲ. ಕೆದಂಬಾಡಿಯಿರಲಿ, ಸುಳ್ಯ, ಕಡಬದ ಊರುಗಳಿರಲಿ, ಆಟಿ ತಿಂಗಳ ಮಳೆಗೆ ಜಗಲಿಯಲ್ಲಿ ಚೆನ್ನೆಮಣೆ ಇಡುತ್ತಿದ್ದ ಅಜ್ಜಿಯಂದಿರನ್ನು ನೆನೆಯಿರಿ. 7ರಂತೆ ಎರಡು ಸಾಲು, 14 ಗುಳಿ. ಗುಳಿಗೆ 4ರಂತೆ 56 ಕಾಯಿ. ಪಕ್ಕ ಕೂತು ಕಾಯಿ ಹಾಕಿದ ಮೊಮ್ಮಗು ಎಣಿಕೆ ಕಲಿಯಿತು, ಸರದಿ ಕಾಯುವುದು ಕಲಿಯಿತು, ಮುಂದಿನ ನಡೆ ಯೋಚಿಸುವುದು ಕಲಿಯಿತು. ಅಡಿಕೆ ಹಾಳೆಯಲ್ಲಿ ಕೂರಿಸಿ ಎಳೆದ ಅಣ್ಣ, ‘ಇದು ಎಂಥ?’ ಅಂತ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ ಅತ್ತೆ, ಇವರೇ ಮಗುವಿನ ಮೊದಲ ಮೇಷ್ಟ್ರುಗಳು. ಉತ್ತರ ಸಿಗದ ಮಗು ಕೇಳುವುದನ್ನೇ ಬಿಡುತ್ತದೆ.

ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳ ಕಲಿಕೆಯನ್ನು ಆಟ, ಹಾಡು, ಕುಣಿತದ ಜೊತೆ ಕಟ್ಟಲು ಹೊರಟರು. ಆ ವಿಚಾರ ಕಾಲನಿಯ ಕೂಸಿನವರೆಗೆ ಯಾಕೆ ಬರಲಿಲ್ಲ?

ಯಾಕೆಂದರೆ ನಮ್ಮ ತಾಯಂದಿರ ಹೊತ್ತು ಅವರದ್ದಲ್ಲ. ತೋಟದ ಕೂಲಿಗೆ ಹೋದವಳು ಬರುವಾಗ ಕತ್ತಲೆ. ಮನೆಯಲ್ಲೇ ಬೀಡಿ ಕಟ್ಟುವವಳಿಗೆ ಎಣಿಸಿ ಕೂಲಿ. ಕೈ ನಿಂತರೆ ಕಾಸೂ ನಿಂತಿತು. ಕೂಸನ್ನು ನೋಡಲು ಅಕ್ಕ ಶಾಲೆ ತಪ್ಪಿಸುತ್ತಾಳೆ. ಒಬ್ಬಳ ಕೂಲಿಗೆ ಎರಡು ಮಕ್ಕಳ ಕಲಿಕೆ ಹೋಯಿತು. ಇದು ತಾಯಿಯ ತಪ್ಪೇ? ದುಡಿಮೆಯ ಜೊತೆಗೆ ಕೂಸಿನ ಪಾಲಿನ ಹೊತ್ತನ್ನೂ ಧನಿಗಳು ಪುಕ್ಕಟೆ ತೆಗೆದುಕೊಂಡಿದ್ದಾರೆ.

ಗುಲಾಮರಾಗಿ ಮಾರಲ್ಪಟ್ಟವರ ಮೊಮ್ಮಕ್ಕಳ ನಾಡು ಜಮೈಕಾ. ಅಲ್ಲಿನ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ, ಬೆಳವಣಿಗೆ ಕುಂಠಿತವಾದ 129 ಕೂಸುಗಳ ನಡುವೆ 1986-87ರಲ್ಲಿ ಒಂದು ಪ್ರಯೋಗ ಸುರುವಾಯಿತು. ಕೆಲವು ಮನೆಗಳಿಗೆ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೆ ಒಂದು ಗಂಟೆಯಂತೆ ಎರಡು ವರ್ಷ ಹೋದರು. ಕೈಯಲ್ಲೇ ಮಾಡಿದ ಆಟಿಕೆ ಹಿಡಿದು ಕೂಸಿನ ಜೊತೆ ಆಡುವುದನ್ನು ತಾಯಿಗೆ ತೋರಿಸಿದರು. 20 ವರ್ಷದ ನಂತರ ನೋಡಿದರೆ, ಆ ಮಕ್ಕಳ ಗಳಿಕೆ ಉಳಿದವರಿಗಿಂತ ಕಾಲು ಪಾಲು ಹೆಚ್ಚು. ಬರೀ ಆಹಾರ ಕೊಟ್ಟಲ್ಲಿ ಈ ಫಲ ಕಾಣಲಿಲ್ಲ. ಹೊಟ್ಟೆಗೆ ಬೇಕು, ನಿಜ. ಮಾತೂ ಬೇಕು, ಆಟವೂ ಬೇಕು.

ಸಂವಿಧಾನದ 21ಎ ವಿಧಿ 6ರಿಂದ 14 ವರ್ಷದವರಿಗೆ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿದೆ. ಅದಕ್ಕಿಂತ ಚಿಕ್ಕವರಿಗೆ? 45ನೇ ವಿಧಿ ಸರಕಾರ ‘ಪ್ರಯತ್ನಿಸಬೇಕು’ ಅನ್ನುತ್ತದೆ, ಅಷ್ಟೇ. ಆದರೂ 2006ರ ಡಿಸೆಂಬರ್ 13ರ ಸುಪ್ರೀಂ ಕೋರ್ಟ್ ಆದೇಶ ನಮ್ಮ ಕೈಯಲ್ಲುಂಟು: 6 ವರ್ಷದೊಳಗಿನ 40 ಮಕ್ಕಳಿದ್ದೂ ಅಂಗನವಾಡಿ ಇಲ್ಲದ ಕಡೆ, ಜನ ಕೇಳಿದ 3 ತಿಂಗಳೊಳಗೆ ಕೊಡಬೇಕು, ಪರಿಶಿಷ್ಟ ಜಾತಿ, ಪಂಗಡದ ಕೇರಿಗಳಿಗೆ ಆದ್ಯತೆ ಇರಬೇಕು. ನಮ್ಮ ಕಡೆ ಗುಡ್ಡಕ್ಕೆ ನಾಲ್ಕು ಮನೆ. 40ರ ಲೆಕ್ಕ ಎಲ್ಲಿ ಕೂಡೀತು? ಅದಕ್ಕೇ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬೇಕು. ಕೂಲಿ ತಾಯಂದಿರ ಮಕ್ಕಳಿಗೆಂದು 2023ರಲ್ಲಿ ಸರಕಾರ ಘೋಷಿಸಿದ ‘ಕೂಸಿನ ಮನೆ’ ನಮ್ಮ ಕಾಲನಿಗೆ ಎಟಕುತ್ತದೆಯೇ? ಅಂಗನವಾಡಿ ಟೀಚರಿಗೆ ರಿಜಿಸ್ಟರ್ ಬರೆದು ಮುಗಿಸಿ ಮಕ್ಕಳ ಜೊತೆ ಕೂರಲು ಹೊತ್ತುಂಟೇ?

ಕೇಳುತ್ತಲೇ ನಾವೂ ಕೂರೋಣ. ರಜೆಗೆ ಊರಿಗೆ ಹೋದಾಗ ಮೊಬೈಲ್ ಬದಿಗಿಟ್ಟು, ದಿನಾ ಒಂದು ಗಂಟೆ ಕಾಲನಿಯ ಕೂಸುಗಳ ಜೊತೆ ಅಂಗಳದಲ್ಲಿ ಕೂರಿ. ತುಳುವಿನಲ್ಲೇ ಕತೆ ಹೇಳಿ, ಒಗಟು ಕೇಳಿ. ಗಂಡು ಹುಡುಗರೇ, ಇದು ಹೆಂಗಸರ ಕೆಲಸ ಅಂತ ಜಾರಿಕೊಳ್ಳಬೇಡಿ.

ಮುಂದಿನ ಸಭೆಗೆ ಬರುವಾಗ ನಿಮ್ಮ ಕಾಲನಿಯಲ್ಲಿ 6 ವರ್ಷದೊಳಗಿನ ಮಕ್ಕಳು ಎಷ್ಟು, ಅಂಗನವಾಡಿ ಎಷ್ಟು ದೂರ, ಇಷ್ಟನ್ನು ಬರೆದು ತನ್ನಿ. ಅರ್ಜಿಯನ್ನು ಅಲ್ಲೇ ಕೂತು ಬರೆಯೋಣ.

ಜೈ ಭೀಮ್.