ಸೇತುವೆಯಷ್ಟೇ ಸಾಲದು, ಜಗಲಿಯೂ ಬೇಕು

ಕಾವೇರಿ, ಕನ್ನಿಕೆ ಹಾಗೂ ಗುಪ್ತಗಾಮಿನಿ ಸುಜ್ಯೋತಿ ಕೂಡುವ ಭಾಗಮಂಡಲದಲ್ಲಿ ಮಳೆಗಾಲವೆಂದರೆ ತ್ರಿವೇಣಿ ಸಂಗಮ ಉಕ್ಕಿ, ರಸ್ತೆ ಮುಳುಗಿ, ಜನಸಂಚಾರ ಸ್ತಬ್ಧವಾಗುವ ದಿನಗಳೆಂದೇ ಅರ್ಥವಾಗಿತ್ತು. ಈ ಸಂಕಟ ನೀಗಲೆಂದೇ ಇಲ್ಲಿ ಮೇಲ್ಸೇತುವೆ ನಿರ್ಮಾಣವಾಗಿದೆ. ಇದು ಸ್ವಾಗತಾರ್ಹ. ಆದರೆ ಜನರ ಕಷ್ಟ ಕಳೆಯುವುದು ಬೇರೆ, ಅವರ ಮನಸ್ಸಿಗೆ ನೆಮ್ಮದಿ ನೀಡುವುದು ಬೇರೆ. ನಮ್ಮ ಯೋಜನೆಗಳು ಸಾಮಾನ್ಯವಾಗಿ ಮೊದಲನೆಯದಕ್ಕೇ ತೃಪ್ತಿಪಡುತ್ತವೆ.

ಹಿರಿಯರು ಈ ವ್ಯತ್ಯಾಸವನ್ನು ಬಲ್ಲವರಾಗಿದ್ದರು. ಕೊಡವರ ಐನ್‌ಮನೆಯ ಜಗಲಿಯಾದ ಕೈಯಾಲೆಯಲ್ಲಿ ಕಂಬಗಳ ನಡುವೆ ಕೂರಿಸಿರುವ ದಪ್ಪ ಹಲಗೆಗೆ ಐಮರ ಎನ್ನುತ್ತಾರೆ. ಅದು ಬರಿಯ ಆಸನವಲ್ಲ. ಮಳೆ ನೋಡುತ್ತ, ಬಂದವರೊಡನೆ ಮಾತನಾಡುತ್ತ ಕೂರಲು ಮನೆಯೇ ನೀಡುವ ಆಹ್ವಾನ. ಭಗಂಡೇಶ್ವರ ದೇವಾಲಯದ ಕೇರಳ ಶೈಲಿಯ ಇಳಿಜಾರು ಮಾಡಿನ ಹಿಂದೆಯೂ ಇಲ್ಲಿನ ಮಳೆಯನ್ನು ಬಲ್ಲ ವಿವೇಕವಿದೆ.

ಅಕ್ಟೋಬರ್‌ನ ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೊರಟ ಸಾವಿರಾರು ಭಕ್ತರು ಮೊದಲು ಇಲ್ಲಿ ಮೀಯುತ್ತಾರೆ. ಒದ್ದೆ ಮೆಟ್ಟಿಲಿಳಿಯುವ ವೃದ್ಧೆಗೆ ಕೈಹಿಡಿಗೆ ದಕ್ಕುವ ಕಂಬಿ, ಮಿಂದ ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಮರೆಯುಳ್ಳ ಒಣಜಾಗ, ಬಸ್ಸಿಗೆ ಕಾಯುವವರಿಗೆ ಎರಚಲು ತಾಗದ ತಂಗುದಾಣ: ಇವುಗಳ ವೆಚ್ಚ ಸೇತುವೆಯ ಮುಂದೆ ಅತ್ಯಲ್ಪ. ಉದ್ಘಾಟನೆಯ ಸಂಭ್ರಮಕ್ಕೆ ಒದಗದ ಕಾರಣ ಇಂತಹವು ಎಲ್ಲೆಡೆ ಯೋಜನಾಪಟ್ಟಿಯ ಕೊನೆಗೆ ಸರಿಯುತ್ತವೆ. ಯಾತ್ರಿಕನ ದಿನ ಹಗುರವಾಗುವುದೋ ಭಾರವಾಗುವುದೋ ನಿರ್ಧಾರವಾಗುವುದು ಮಾತ್ರ ಇವುಗಳಿಂದಲೇ.

ಆದ್ದರಿಂದ ನಕ್ಷೆಗೆ ಸಹಿ ಹಾಕುವ ಮುನ್ನ ಅಧಿಕಾರಿಗಳು ಕಕ್ಕಡದ ಮಳೆಯಲ್ಲಿ ಒಂದು ತಾಸು ಸಂಗಮದ ಬಳಿ ನಿಲ್ಲಲಿ. ಯಾರಿಗೆ, ಎಲ್ಲಿ, ಏನು ಬೇಕೆಂಬುದು ಆಗ ತಾನಾಗಿ ತಿಳಿದೀತು.